ಆಮೇಲಪ್ಪನವರ ಬೀಳ್ಕೊಡುಗೆ

ಆಮೇಲಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀಗದ ಕಾರ್ಖಾನೆಯವರು ಇಟ್ಟದ್ದು. "ಸಂಜೆ ಸಿನಿಮಾಕ್ಕೆ ಬರ್ತೀರಾ?" ಎಂದರೆ "ಆಮೇಲೆ ನೋಡೋಣ" ಅನ್ನುತ್ತಿದ್ದರು. "ಹೊಸ ಚಪ್ಪಲಿ ತಗೊಳ್ಳಿ, ಹೆಬ್ಬೆರಳು ಹೊರಗೆ ಇಣುಕ್ತಿದೆ" ಎಂದರೆ "ಆಮೇಲೆ ತಗೊಂಡ್ರಾಯ್ತು". ಈ ಮನುಷ್ಯ ಉಸಿರಾಟವೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮುಂದಕ್ಕೆ ಹಾಕುತ್ತಾರೆ ಎಂದು ಯಾರೋ ಆಡಿಕೊಂಡರು. ಹೆಸರು ಅಂಟಿಕೊಂಡಿತು.

ಕೆಲಸದಲ್ಲಿ ಮಾತ್ರ ಆಮೇಲೆ ಎಂಬ ಮಾತೇ ಇರಲಿಲ್ಲ. ಮೀಸೆ ಸರಿಯಾಗಿ ಮೂಡುವ ಮೊದಲೇ ಕಾರ್ಖಾನೆಗೆ ಸೇರಿ, ಹೊಸ ಬೀಗಗಳಿಗೆ ಕೀಲಿ ತಿರುಗಿಸಿ ನೋಡುವ ಬೆಂಚಿನಲ್ಲಿ ಕೂತವರು, ಅದೇ ವಿಭಾಗದ ಮುಖ್ಯಸ್ಥರಾಗುವವರೆಗೂ ಅಲ್ಲಾಡಲಿಲ್ಲ. ನಡುವೆ ಹಲವು ಬಡ್ತಿಗಳು ಬಂದವು. ಬಡ್ತಿ ಬಂದವರು ಬೆಂಚಿನವರಿಗೆಲ್ಲ ಚಹಾ ಬನ್ನು ಕೊಡಿಸುವುದು ಅಲ್ಲಿನ ವಾಡಿಕೆ. ಆಮೇಲಪ್ಪನವರೂ ಕೊಡಿಸುತ್ತಿದ್ದರು, ಆದರೆ ಬನ್ನು ಬಿಟ್ಟು. ಚಹಾದ ಲೋಟ ಕೆಳಗಿಟ್ಟವರೇ ನೆಟ್ಟಗೆ ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಗುಮಾಸ್ತರ ಮುಂದೆ ನಿಲ್ಲುತ್ತಿದ್ದರು.

"ಸ್ವಾಮಿ, ಸಂಬಳದಲ್ಲಿ ಏರಿದ್ದನ್ನ ನನ್ನ ಕೈಗೆ ಕೊಡಬೇಡಿ. ಅಲ್ಲೇ ಹಿಡಿದು ನನ್ನ ಭವಿಷ್ಯ ನಿಧಿಗೆ ಹಾಕಿ."

ಕಂಪನಿ ತನ್ನ ಕೆಲಸಗಾರರಿಗೆ ಅಗ್ಗದ ಬೆಲೆಗೆ ಷೇರು ಕೊಟ್ಟಾಗ ಉಳಿದವರು ಮಾರಿ ಸ್ಕೂಟರ್ ತಂದರು. ಇವರು ಕೊಂಡು ಮರೆತರು. ಇಷ್ಟೇ ವಿದ್ಯೆ. ಇದನ್ನೇ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಹೇಳಿಕೊಡಲು ಶುಲ್ಕ ಕಟ್ಟಿಸಿಕೊಳ್ಳುವ ಮಹಾನುಭಾವರಿದ್ದಾರೆ, ಕಟ್ಟುವ ಮಹಾನುಭಾವರೂ ಇದ್ದಾರೆ!

ಹೀಗಾಗಿ ಕಾರ್ಖಾನೆಯಲ್ಲಿ ಮುಖ್ಯಸ್ಥರಾದವರು ಮನೆಯಲ್ಲಿ ಬೆಂಚಿನ ಹುಡುಗನಾಗಿಯೇ ಉಳಿದರು. ಅದೇ ಮೂರನೇ ಮಹಡಿಯ ಬಾಡಿಗೆಯ ಎರಡು ಕೋಣೆ. ಇದ್ದ ಒಂದೇ ಕಿಟಕಿ ಎದುರು ಮನೆಯವರ ಕಿಟಕಿಗೆ ಮುಖ ಮಾಡಿತ್ತು. ಅವರ ಗಡಿಯಾರ ಇಲ್ಲಿಂದ ಕಾಣಿಸುತ್ತಿದ್ದುದರಿಂದ ಇವರು ಗಡಿಯಾರ ಕೊಳ್ಳಲಿಲ್ಲ. ಎದುರು ಮನೆಯವರು ಪರದೆ ಎಳೆದರೆ ಇವರಿಗೆ ಹೊತ್ತು ನಿಂತುಹೋಗುತ್ತಿತ್ತು. ಮಗಳ ಓದಿಗೆ ಮಾತ್ರ ಕೈ ಬಿಗಿ ಹಿಡಿಯಲಿಲ್ಲ ಎನ್ನುವುದನ್ನು ಹೇಳಲೇಬೇಕು. ಆಕೆ ಓದಿ, ಕೆಲಸ ಹಿಡಿದು, ತನ್ನ ಮನೆ ಮಾಡಿಕೊಂಡಿದ್ದಳು.

ಹೆಂಡತಿ ಆ ಬೆಂಚಿನ ಸಂಬಳದಲ್ಲೇ ಹೊಟ್ಟೆಬಟ್ಟೆ ಕಟ್ಟಿ ಸಂಸಾರ ತೂಗಿಸಿದರು. ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿದರು. ಹಿಡಿ ಮುರಿದ ಕಪ್ಪಿನಲ್ಲಿ ತಾವು ಕುಡಿದು, ಹಿಡಿ ಇದ್ದದ್ದನ್ನು ಗಂಡನಿಗೆ ಕೊಟ್ಟರು. ಅವರು ಬಾಯಿಬಿಟ್ಟು ಕೇಳಿದ್ದು ಒಂದೇ: ಬಿಸಿಲು ಬೀಳುವ ಬಾಲ್ಕನಿ ಇರುವ ಒಂದು ಮನೆ. "ನಿವೃತ್ತಿ ಆಗ್ಲಿ ಕಣೇ, ಆಮೇಲೆ" ಎಂದಿದ್ದರು ಗಂಡ. ಈಗ ನಿವೃತ್ತಿಯೇ ಬಂದಿತ್ತು. ಮಾರಾಟಕ್ಕಿದ್ದ, ಕೆರೆಯ ಕಡೆಗೆ ಬಾಲ್ಕನಿ ಇರುವ ಮನೆಯೊಂದನ್ನು ಹೆಂಡತಿಯೇ ಹುಡುಕಿಟ್ಟಿದ್ದರು. ಬೀಳ್ಕೊಡುಗೆಯ ದಿನ ಸಂಜೆಯೊಳಗೆ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದು ದಲ್ಲಾಳಿ ಖಡಾಖಂಡಿತವಾಗಿ ಹೇಳಿದ್ದ.

"ಏನಂತೀರಿ?" ಎಂದು ಕೇಳಿದರು ಹೆಂಡತಿ.

"ಅಷ್ಟೊಂದು ದುಡ್ಡು ಒಂದೇ ಸಲಕ್ಕೆ ತೆಗೆಯೋದಾ? ಸ್ವಲ್ಪ ಬೆಳೀಲಿ ಬಿಡು..."

ಹೆಂಡತಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ಜಗಳವಾಡಿದ್ದರೆ ಆಮೇಲಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕಾರ್ಖಾನೆಯಲ್ಲಿ ಇನ್ನೊಂದು ವಾಡಿಕೆ ಇತ್ತು. ನಿವೃತ್ತರಾಗುವವರ ಮನೆಗೆ ಯಾರಾದರೂ ಏನೋ ನೆವ ಹೇಳಿಕೊಂಡು ಮೊದಲೇ ಹೋಗಿ, ಆ ಮನೆಯಲ್ಲಿ ಏನಿಲ್ಲ ಎಂದು ನೋಡಿಬರುತ್ತಿದ್ದರು. ಇಲ್ಲದ ವಸ್ತುವೇ ಉಡುಗೊರೆ. ಒಬ್ಬರಿಗೆ ಮಿಕ್ಸರ್, ಇನ್ನೊಬ್ಬರಿಗೆ ಮಂಚ ಹೀಗೆ ಸಿಕ್ಕಿತ್ತು. ಆಮೇಲಪ್ಪನವರ ಮನೆಗೆ ಹೋದದ್ದು ಪ್ಯಾಕಿಂಗ್ ವಿಭಾಗದ ಅಕ್ಕ. ಕೈತುಂಬ ಕೆಲಸ, ಬಾಯಿತುಂಬ ಮಾತು, ಕಣ್ತುಂಬ ನೀರು ಅವರಿಗೆ ಯಾವಾಗಲೂ ಸಿದ್ಧ. ಮರುದಿನ ಊಟದ ಹೊತ್ತಿಗೆ ಅವರು ಕ್ಯಾಂಟೀನಿನಲ್ಲಿ ಮೂಗೊರೆಸಿಕೊಳ್ಳುತ್ತ ವರದಿ ಒಪ್ಪಿಸಿದರು.

"ಏನಿಲ್ಲ ಅಂತ ಕೇಳಬೇಡಿ, ಏನಿದೆ ಅಂತ ಕೇಳಿ! ಹೊತ್ತು ನೋಡಕ್ಕೂ ಎದುರು ಮನೆಯೇ ಗತಿ. ಪಾಪ, ಯಾವ ಸಾಲ ತಿಂತಾ ಇದೆಯೋ ಅಣ್ಣನ್ನ."

ವಸ್ತು ಬೇಡ, ನಗದನ್ನೇ ಕೊಡೋಣ ಎಂದು ತೀರ್ಮಾನವಾಯಿತು. ಎಲ್ಲರೂ ಒಂದು ದಿನದ ಸಂಬಳ ಹಾಕಿದರು. ಗೇಟಿನ ಕಾವಲುಗಾರ, ಕಸ ಗುಡಿಸುವವಳು, ಯಾರೂ ಹಿಂದೆ ಬೀಳಲಿಲ್ಲ.

ಬೀಳ್ಕೊಡುಗೆಯ ದಿನ ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಒತ್ತರಿಸಿ ಕುರ್ಚಿ ಹಾಕಿ, ಆಮೇಲಪ್ಪನವರ ಹೆಂಡತಿಯನ್ನೂ ಕರೆಸಿ ಕೂರಿಸಿದ್ದರು. ಅಕ್ಕ ದಪ್ಪನೆಯ ಲಕೋಟೆಯೊಂದನ್ನು ಆಮೇಲಪ್ಪನವರ ಕೈಗಿಟ್ಟು, ಮೈಕಿನಲ್ಲಿ ಗದ್ಗದವಾಗಿ, "ಅಣ್ಣಾ, ನಿಮ್ಮ ಕಷ್ಟ ನಮ್ಮ ಕಷ್ಟ ಅಲ್ವಾ?" ಎಂದರು. ಚಪ್ಪಾಳೆ ಬಿತ್ತು. ಆಮೇಲಪ್ಪನವರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಲಕೋಟೆಯನ್ನು ಅಕ್ಕನ ಕಡೆಗೇ ಚಾಚಿದರು. ಮುಂದಿನ ಸಾಲಿನಲ್ಲೇ ಕಾವಲುಗಾರ ಕೂತಿದ್ದ. ಅವನ ಒಂದು ದಿನದ ಕೂಲಿ ತಮ್ಮ ಕೈಯಲ್ಲಿದೆ ಎಂದುಕೊಂಡಾಗ ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು.

"ಇದು ಬೇಡ. ನನ್ನ ಹತ್ರ ದುಡ್ಡಿದೆ" ಎಂದರು.

"ನೋಡಿ ಸ್ವಾಭಿಮಾನಾನ!" ಎಂದು ಅಕ್ಕ ಕಣ್ಣೊರೆಸಿಕೊಂಡರು. ಇನ್ನೂ ಜೋರು ಚಪ್ಪಾಳೆ.

"ಅಯ್ಯೋ, ನಿಜವಾಗ್ಲೂ ಇದೆ ಕಣ್ರಪ್ಪಾ! ಬೇಕಾದಷ್ಟಿದೆ! ನಾನು ಶ್ರೀಮಂತ!"

ಹಿಂದಿನ ಸಾಲಿನಲ್ಲಿ ಇಬ್ಬರು ಗಂಡಸರೂ ಕರವಸ್ತ್ರ ತೆಗೆದರು. ಲೆಕ್ಕಪತ್ರದ ಗುಮಾಸ್ತರಿದ್ದಿದ್ದರೆ ಸಾಕ್ಷಿ ಹೇಳುತ್ತಿದ್ದರೇನೋ, ಅವರು ಯಾವತ್ತೋ ನಿವೃತ್ತರಾಗಿದ್ದರು. ಆಮೇಲಪ್ಪನವರು ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದರು.

"ನೀನಾದ್ರೂ ಹೇಳೇ!"

ಹೆಂಡತಿ ಎದ್ದು ಬಂದು ಮೈಕ್ ಹಿಡಿದರು. ಜೀವಮಾನದಲ್ಲೇ ಮೊದಲ ಸಲ ಹಿಡಿದದ್ದು, ಆದರೂ ಧ್ವನಿ ನಡುಗಲಿಲ್ಲ.

"ಇವರು ಹೇಳ್ತಿರೋದು ಸತ್ಯ. ಇವರು ಶ್ರೀಮಂತ್ರೇ. ಬಡವಿ ನಾನು. ಲಕೋಟೆ ಕೊಡೋದಾದ್ರೆ ನನಗೆ ಕೊಡಿ."

ಸಭೆ ಗೊಳ್ಳೆಂದು ನಕ್ಕಿತು. ಹೆಂಡತಿ ನಗಲಿಲ್ಲ. ಅದನ್ನು ಕಂಡು ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಆಮೇಲಪ್ಪನವರು ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು. ಬೀಗದೊಳಗಿನ ಸಣ್ಣ ತಪ್ಪನ್ನೂ ಸದ್ದು ಕೇಳಿಯೇ ಹಿಡಿಯುತ್ತಿದ್ದ ಮನುಷ್ಯನಿಗೆ ಮನೆಯೊಳಗಿನದು ಇಷ್ಟು ವರ್ಷ ಕೇಳಿಸಿರಲಿಲ್ಲ.

ಅವರು ಲಕೋಟೆ ಒಡೆದು, ಸಾಲುಸಾಲಾಗಿ ಹೋಗಿ, ಯಾರದು ಯಾರಿಗೆ ಸೇರಬೇಕೋ ಅಕ್ಕನನ್ನು ಕೇಳಿ ಕೇಳಿ ಹಿಂದಿರುಗಿಸಿದರು. ಕಾವಲುಗಾರನ ಕೈಗೆ ಕೊಟ್ಟು ಎರಡೂ ಕೈ ಜೋಡಿಸಿದರು. ಬಳಿಕ ಎಲ್ಲರಿಗೂ ಚಹಾ ತರಿಸಿದರು, ಈ ಸಲ ಬನ್ನೂ ಇತ್ತು. ಇದು ಸಾಲದ ದುಡ್ಡೇ ಇರಬೇಕೆಂದು ಅಕ್ಕನಿಗೆ ಆಗಲೂ ಅನುಮಾನ.

ಸಂಜೆಯೊಳಗೆ ಗಂಡ ಹೆಂಡತಿ ದಲ್ಲಾಳಿಯ ಕಚೇರಿಯಲ್ಲಿದ್ದರು. ಚೆಕ್ಕು ಬರೆಯುವಾಗ ಆಮೇಲಪ್ಪನವರ ಪೆನ್ನು ಎರಡು ಸಲ ಜಾರಿತು. ಹೆಂಡತಿ ಸಹಾಯಕ್ಕೆ ಬರಲಿಲ್ಲ, ಸುಮ್ಮನೆ ಕಾದರು.

"ಮನೆ ಯಾರ ಹೆಸರಿಗೆ ಸಾರ್? ನಿಮ್ಮ ಹೆಸರಿಗೇ ತಾನೆ?" ಎಂದ ದಲ್ಲಾಳಿ, ಬರೆಯಲು ಬಗ್ಗಿ.

"ಇವಳ ಹೆಸರಿಗೆ. ಕೂಡಿಟ್ಟಿದ್ದು ಇವಳು. ನಾನು ಬರೀ ನಿಧಿಗೆ ಹಾಕಿಸ್ತಿದ್ದೆ."