ಬಸ್ಸಿಗಿಂತ ಒಂದು ತಾಸು ಮುಂದೆ

ಡೊಂಬಿವ್ಲಿ ಪೂರ್ವದ ಯಜ್ಞೇಶ್ವರ ಭಟ್ಟರು ಶ್ರೀಲಂಕೆಯ ಕರಾವಳಿ ಹೆದ್ದಾರಿಯಲ್ಲಿ ಹನ್ನೊಂದು ಸಲ ಹೋಗಿಬಂದವರು. ಕೊಲಂಬೊದಿಂದ ಮಾತರದವರೆಗೆ ಕಡಲಿಗೆ ಒತ್ತಿಕೊಂಡೇ ಸಾಗುವ ರಸ್ತೆ ಅದು. ಹನ್ನೊಂದು ಸಲದಲ್ಲಿ ಒಮ್ಮೆಯೂ ಅವರು ಆ ಕಡಲಿಗೆ ಕಾಲು ಅದ್ದಿರಲಿಲ್ಲ. ಪ್ರವಾಸಿಗರು ಕಡಲು ನೋಡುವ ಹೊತ್ತಿಗೆ ಸರಿಯಾಗಿ ಭಟ್ಟರು ಅನ್ನ ಬಸಿಯುತ್ತಿದ್ದರು.

ಹತ್ತಿರದ ಠಾಣೆ ಪಟ್ಟಣದ ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ ಬಡಾವಣೆಯ ಶಾಕಾಹಾರಿ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷ ಅಡಿಗೆ ಮಾಡಿದ ಕೈ ಅವರದು. ಸುತ್ತಲಿನ ಕಾರ್ಖಾನೆಗಳು ಹೋಗಿ ಗಾಜಿನ ಆಫೀಸುಗಳು ಎದ್ದವು, ಅವುಗಳೊಳಗೇ ಕ್ಯಾಂಟೀನು ಬಂತು, ಹೋಟೆಲಿನ ಶಟರ್ ಇಳಿಯಿತು. ಆಗ ಅವರನ್ನು ಕರೆದವನು ಠಾಣೆಯಲ್ಲಿ ಟೂರ್ ಕಂಪನಿ ಇಟ್ಟಿದ್ದ ಹಿತೇಶ್. ಮಂಗಳೂರು ಕಡೆಯ ಮನೆಯವನೇ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದುದು ಹಿಂದಿ.

"ಅಂಕಲ್, ಅಪನೇ ಲೋಗ್ ಪರದೇಶ್ ತೋ ಜಾತೇ ಹೈಂ, ಪರ್ ದಾಲ್‌ಚಾವಲ್ ಕೇ ಬಿನಾ ದೋ ದಿನ್ ನಹೀಂ ರಹತೇ" ಎಂದ ಹಿತೇಶ್. ನಮ್ಮವರು ಪರದೇಶಕ್ಕೇನೋ ಹೋಗುತ್ತಾರೆ, ಆದರೆ ಅನ್ನಬೇಳೆ ಇಲ್ಲದೆ ಎರಡು ದಿನ ಇರಲಾರರು ಎಂಬುದು ಅವನ ಲೆಕ್ಕ.

"ಮತ್ತೆ ಹೋಗುದೆಂತಕ್ಕೆ?" ಎಂದು ಭಟ್ಟರು ಕೇಳಿದರು.

ಹಿತೇಶ್ ನಕ್ಕು ಮುಂದಿನ ಪ್ರವಾಸದ ತಾರೀಕು ಹೇಳಿದ. ಅದಕ್ಕೆ ಉತ್ತರ ಹುಡುಕುತ್ತ ಕೂತರೆ ಅವನ ಧಂದೆ ನಡೆಯುವುದಿಲ್ಲ.

ಹೀಗೆ ಭಟ್ಟರು ಪ್ರವಾಸದ ಅಡಿಗೆಯವರಾದರು. ಬಸ್ಸು ಬೆಂತೋಟದಲ್ಲಿ ನದಿ ಕಡಲು ಸೇರುವುದನ್ನು ತೋರಿಸುತ್ತಿತ್ತು, ಹಿಕ್ಕಡುವದಲ್ಲಿ ಆಮೆಗಳನ್ನು, ಗಾಲೆಯಲ್ಲಿ ಕೋಟೆಯನ್ನು. ಭಟ್ಟರು ಪಾತ್ರೆ, ಸಿಲಿಂಡರುಗಳ ವ್ಯಾನಿನಲ್ಲಿ ಒಂದು ತಾಸು ಮುಂದೆ ಹೋಗಿ ಪ್ರತಿ ಊರಿನ ಹಿತ್ತಿಲಲ್ಲಿ ಇಳಿಯುತ್ತಿದ್ದರು. ಬೆಂತೋಟದ ನಲ್ಲಿನೀರಿನಲ್ಲಿ ಬೇಳೆ ಬೇಯುವುದಿಲ್ಲ, ಕ್ಯಾನಿನ ನೀರೇ ಬೇಕು. ಗಾಲೆಯ ಗಾಳಿಗೆ ಒಲೆ ಆರುತ್ತದೆ, ತಗಡು ಅಡ್ಡ ಇಡಬೇಕು. ಅವರಿಗೆ ಗೊತ್ತಿದ್ದ ಶ್ರೀಲಂಕೆ ಅಷ್ಟು.

"ಅಷ್ಟು ದೂರ ಹೋಗಿ ಎಂತ ನೋಡಿದ್ರಿ?" ಎಂದು ಹೆಂಡತಿ ರಮಾಮಣಿ ಪ್ರತಿ ಸಲವೂ ಕೇಳುತ್ತಿದ್ದರು.

"ಅಲ್ಲಿಯ ತೊಂಡೆಕಾಯಿ ಎಳತು ಉಂಟು ಮಾರಾಯ್ತಿ" ಎನ್ನುತ್ತಿದ್ದರು ಭಟ್ಟರು.

ಹನ್ನೆರಡನೆಯ ಪ್ರವಾಸದಲ್ಲಿ ಗೈಡು ಭಟ್ಟರ ಊಟ ಬಿಟ್ಟು ಹೊರಗೆ ಸಿಗಡಿ ತಿಂದು, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಿಲ್ಲ. ಅಂದು ಮಧ್ಯಾಹ್ನಕ್ಕೆ ಚಿತ್ರಾನ್ನ ಮೊಸರನ್ನ ಡಬ್ಬಿಗೆ ತುಂಬಿ ಆಗಿತ್ತು. ಹಿತೇಶ್ ಠಾಣೆಯಿಂದ ಫೋನು ಮಾಡಿದ: "ಅಂಕಲ್, ಆಜ್ ಆಪ್ ಬಸ್ ಮೇಂ ಬೈಠಿಯೇ. ರಾಸ್ತಾ ಆಪ್ ಕೋ ಹೀ ಮಾಲೂಮ್ ಹೈ."

ದಾರಿ ಬಲ್ಲವರು ನೀವೇ, ಬಸ್ಸಿನಲ್ಲಿ ಕೂರಿ ಎಂದದ್ದಕ್ಕೆ ಗೈಡಿನ ಮೈಕು ಭಟ್ಟರ ಕೈಗೆ ಬಂತು. ಮೊದಲ ಹತ್ತು ಕಿಲೋಮೀಟರು ಅವರು ಅದನ್ನು ಸೌಟಿನಂತೆ ಹಿಡಿದು ರಸ್ತೆಯನ್ನೇ ನೋಡಿದರು. ಆಮೇಲೆ ಥಟ್ಟನೆ, "ಎಲ್ಲರೂ ಬಾಟಲಿ ಹಿಡ್ಕೊಳ್ಳಿ, ಈ ತಿರುವಿನಲ್ಲಿ ಸಾಂಬಾರು ಚೆಲ್ತದೆ!" ಎಂದರು. ಬಸ್ಸು ವಾಲಿತು, ಹಿಡಿಯದವರ ಬಾಟಲಿಗಳು ಉರುಳಿದವು. ಅಲ್ಲಿಂದ ಇಡೀ ಬಸ್ಸು ಅವರ ಮಾತಿಗೆ ಕಿವಿಗೊಟ್ಟಿತು. ಹಿಂದಿ, ಮರಾಠಿ, ಕನ್ನಡ ಮೂರನ್ನೂ ಕಲಸಿ ಅವರು ಯಾವ ಊರಿನ ತೆಂಗಿನಕಾಯಿ ಚಟ್ನಿಗಾಗುತ್ತದೆ, ಯಾವ ಊರಿನ ಕಾಗೆ ಹಪ್ಪಳ ಕದಿಯುತ್ತದೆ ಎಂದೆಲ್ಲ ಹೇಳಿದರು.

ಗಾಲೆ ಕೋಟೆಯ ಮೇಲೆ, ಖಾರಘರದಿಂದ ಬಂದಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ಪ್ರಫುಲ್ಲಾ ಕೇಳಿದರು: "ಭಟ್ರೇ, ಇದನ್ನ ಕಟ್ಟಿದ್ದು ಯಾರು?"

"ಯಾರೋ ಗೊತ್ತಿಲ್ಲ. ಆದ್ರೆ ಗಾಳಿ ಎಲ್ಲಿಂದ ಬರ್ತದೆ ಅಂತ ಗೊತ್ತಿದ್ದವರು. ಈ ಗೋಡೆಯ ಹಿಂದೆ ಮಾತ್ರ ಒಲೆ ಆರುದಿಲ್ಲ."

ಪ್ರಫುಲ್ಲಾ ಅದನ್ನು ಹಾಗೇ ಫೋನಿನಲ್ಲಿ ಬರೆದು, ಐದು ನಕ್ಷತ್ರ ಕೊಟ್ಟು, ಕಂಪನಿಯ ಪುಟಕ್ಕೆ ಹಾಕಿದರು. ಬಸ್ಸಿನವರೆಲ್ಲ ಅವರ ಹಿಂದೆಯೇ ಕೊಟ್ಟರು.

ಹಿತೇಶನಿಗೆ ಖುಷಿಯಾಯಿತು. ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿ ಮಾಡದೆ ಬಿಡುವ ಜಾತಿಯವನಲ್ಲ ಅವನು. ಭಟ್ಟರಿಗೆ ಬಡ್ತಿ ಕೊಟ್ಟು ಬಿಳಿ ಶರ್ಟು, ಸೀಟಿ, ಬಾವುಟ ಕೊಡಿಸಿದ. ಪೋರ್ಚುಗೀಸರು, ಡಚ್ಚರು ಎಂದು ಹದಿನಾಲ್ಕು ಪುಟ ಅಚ್ಚು ಹಾಕಿಸಿ, "ಪೂರಾ ಯಾದ್ ಕರ್ ಲೀಜಿಯೇ" ಎಂದ. ಅಡಿಗೆಗೆ ಬೇರೆಯವನನ್ನು ತಂದ. ಡೊಂಬಿವ್ಲಿ ಲೋಕಲ್ ರೈಲಿನಲ್ಲಿ ಜೋತುಬಿದ್ದುಕೊಂಡೇ ಭಟ್ಟರು ಇಸವಿಗಳನ್ನು ಬಾಯಿಪಾಠ ಮಾಡಿದರು.

ಮುಂದಿನ ಪ್ರವಾಸದಲ್ಲಿ ಭಟ್ಟರ ಬಾಯಲ್ಲಿ ಡಚ್ಚರು ಪೋರ್ಚುಗೀಸರಿಗಿಂತ ನೂರು ವರ್ಷ ಮೊದಲೇ ಬಂದಿಳಿದರು. ಯಾರೂ ತಿದ್ದಲಿಲ್ಲ, ಯಾರೂ ಕೇಳಿಸಿಕೊಂಡೂ ಇರಲಿಲ್ಲ. ಬೆಂತೋಟದಲ್ಲಿ ಬೇಯದ ಬೇಳೆ ತಿಂದು ಎಲ್ಲರ ಹೊಟ್ಟೆ ಉಬ್ಬಿತ್ತು. ಹಿಕ್ಕಡುವದಲ್ಲಿ ಭಟ್ಟರು ಕೊನೆಗೂ ಪ್ಯಾಂಟು ಮಡಚಿ ನೀರಿಗಿಳಿದರು. ತೆರೆ ಬಂದು ಕಾಲಿಗೆ ಬಡಿಯಿತು, ಹಿಂದೆ ಹೋಯಿತು. ಚೆನ್ನಾಗಿಯೇ ಇತ್ತು. ಮೂರನೆಯ ತೆರೆಗೆ, ಈಗ ಆ ಹೊಸ ಅಡಿಗೆಯವನು ಸಾರಿಗೆ ಒಗ್ಗರಣೆ ಹಾಕಿದನೋ ಇಲ್ಲವೋ ಎಂಬ ಚಿಂತೆ ಹತ್ತಿ, ಅವರು ದಡಕ್ಕೆ ಬಂದರು.

ಈ ಸಲ ಸಿಕ್ಕಿದ್ದು ಎರಡೇ ನಕ್ಷತ್ರ. ಠಾಣೆಯ ಆಫೀಸಿನಲ್ಲಿ ಹಿತೇಶ್ ತಲೆ ಕೆರೆದುಕೊಂಡ. "ಅಂಕಲ್, ಬುರಾ ಮತ್ ಮಾನಿಯೇ... ವಾಪಸ್ ಕಿಚನ್?"

ಭಟ್ಟರಿಗೆ ಎದೆಯ ಭಾರ ಇಳಿದಂತಾಯಿತು. ಅದನ್ನು ತೋರಿಸಿಕೊಳ್ಳುವಷ್ಟು ಪೆದ್ದರಲ್ಲ ಅವರು. ಮುಖ ಊದಿಸಿಕೊಂಡು, ಸೀಟಿ, ಬಾವುಟ ಮೇಜಿನ ಮೇಲಿಟ್ಟು, "ಆಯ್ತು. ಆದ್ರೆ ಬಸ್ಸಲ್ಲಿ ನನ್ನ ಹೆಂಡತಿಗೊಂದು ಸೀಟು ಬೇಕು, ಕಿಟಕಿ ಪಕ್ಕದ್ದು" ಎಂದರು.

ರಮಾಮಣಿ ಹೊಸ ಚಪ್ಪಲಿ ಹಾಕಿಕೊಂಡು ಹೊರಟರು. ಬಸ್ಸಿನಲ್ಲಿ ಕೂತು ನದಿ ನೋಡಿದರು, ಆಮೆ ನೋಡಿದರು. ಗಾಲೆಯಲ್ಲಿ ಭಟ್ಟರು ತೆಂಗಿನಕಾಯಿ ತುರಿಯುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ನೆರಳು ಕಂಡಿತು. ನೋಡಿದರೆ ರಮಾಮಣಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು.

"ಕೋಟೆ ನೋಡುದು ಬಿಟ್ಟು ಇಲ್ಲೆಂತ ನಿಂಗೆ?"

"ನೋಡಿ ಆಯ್ತು. ಕಲ್ಲು, ಮೇಲೆ ಬಿಸಿಲು. ಅದು ಇತ್ಲಾಗಿ ಕೊಡಿ, ನಿಮ್ಮ ತುರಿ ದಪ್ಪ ಆಗ್ತದೆ" ಎಂದು ರಮಾಮಣಿ ತುರಿಮಣೆಯ ಮುಂದೆ ಕೂತರು.