ಬಳೆ ತೆಗೆಯದ ಕಾಕು

ಗೆಳೆಯರೇ, ನಮ್ಮ ಕಾಕಾ ಜೀವಂತ ಇದ್ದಾರೆಂದು ಇವತ್ತು ಯುರೋಪಿಗೆ ಸಾಬೀತು ಮಾಡಬೇಕಾಯಿತು.

ಖಾನಾಪುರದಲ್ಲಿ ನಮ್ಮ ಕಾಕು ಮಾಡುವ ಕುಂದಾ ಸಿಹಿಯನ್ನು ಯುರೋಪಿನಲ್ಲಿ ಮಾರಲು ಅಲ್ಲಿನ ಸ್ಟಾರ್ಟಪ್ಪೊಂದು ಮುಂದೆ ಬಂದಿದೆ. ಮಧ್ಯಾಹ್ನ ವಿಡಿಯೊ ಕಾಲ್‌ನಲ್ಲಿ ಅಡುಗೆಮನೆಯ ತಪಾಸಣೆ. ಬೆಳಗಾವಿಯಿಂದ ಹೋದ ನಾನೇ ದುಭಾಷಿ. ಕಾಕು ಹಾಲು ಕಾಯಿಸಲು ಇಟ್ಟದ್ದೇ ತಡ, ಸ್ಥಾಪಕ ಯಾನ್, "ಅಡುಗೆ ಮಾಡುವ ಕೈಯಲ್ಲಿ ಬಳೆ ಇರುವಂತಿಲ್ಲ, ನಿಯಮ" ಎಂದ.

"ನಿಮ್ಮ ಕಾಕಾ ಇನ್ನೂ ಗಟ್ಟಿ ಅದಾರ, ಬಳಿ ತೆಗ್ಯಾಂಗಿಲ್ಲ ಅಂತ ಹೇಳ ಅವಂಗ" ಎಂದರು ಕಾಕು.

ಅನುವಾದಿಸಿದೆ. ಪರದೆಯ ಮೇಲಿನ ನಾಲ್ಕು ಮುಖಗಳು ಗಂಭೀರವಾಗಿ ಚರ್ಚಿಸಿದವು. ಮದುವೆಯ ಗುರುತಿಗೆ ವಿನಾಯಿತಿ ಇದೆಯಂತೆ, ಆದರೆ ಗಂಡ ಇರುವುದಕ್ಕೆ ಪುರಾವೆ ಬೇಕಂತೆ. ಫೋನನ್ನು ಪಡಸಾಲೆಗೆ ಒಯ್ದೆ. ಊಟ ಮಾಡಿ ಮಲಗಿದ್ದ ಕಾಕಾ ಅಲುಗಾಡಲಿಲ್ಲ.

"ಸ್ಪಷ್ಟವಾಗಿಲ್ಲ" ಎಂದ ಯಾನ್.

ಕಾಕು ಸೌಟು ಹಿಡಿದೇ ಬಂದು ತಿವಿದರು. "ಏಳ್ರೀ, ನೀವು ಅದೀರೋ ಇಲ್ಲೋ ಅಂತ ಕೇಳಾಕತ್ತಾರ!"

"ಸಂಜಿಮುಂದ ಹೇಳ್ತೀನಂತ ಹೇಳ" ಎಂದು ಕಾಕಾ ಮಗ್ಗುಲು ಬದಲಿಸಿದರು. ಯುರೋಪು ಚಪ್ಪಾಳೆ ತಟ್ಟಿತು.

ಅಷ್ಟರಲ್ಲಿ ಹಾಲು ಸೀದುಹೋಗಿತ್ತು. ಕುಂದಾ ಇನ್ನೂ ಖಾನಾಪುರ ದಾಟಿಲ್ಲ. ಕಾಕಾಗೆ ಮಾತ್ರ ಈಗಷ್ಟೇ ಯಾನ್‌ನ ಕಂಪನಿಯಿಂದ ಹುದ್ದೆ ಬಂದಿದೆ: ಮುಖ್ಯ ಜೀವಂತಿಕೆ ಅಧಿಕಾರಿ. ವರ್ಷಕ್ಕೊಮ್ಮೆ ಮಗ್ಗುಲು ಬದಲಿಸಿದರೆ ಸಾಕಂತೆ.