ಷಡಕ್ಷರಿಯವರ ಎಡಗೈ

ಮದುವೆಯೊಂದರಲ್ಲಿ ಹಿರಿಯರೊಬ್ಬರು ವಧೂವರರಿಗೆ ಹಿತವಚನ ಹೇಳುತ್ತಿದ್ದಾಗ, ಮುಂದಿನ ಸಾಲಿನಲ್ಲಿದ್ದ ನಮ್ಮ ಹಿನಕಲ್‌ನ ಊದುಬತ್ತಿ ವ್ಯಾಪಾರಿ ಷಡಕ್ಷರಿಯವರು ಎಡಗೈ ಎತ್ತಿ ಕಿವಿಗೆ ಒತ್ತಿಕೊಂಡರು; ಕಿವಿ ಮುಚ್ಚಿಕೊಂಡರೆಂದು ತಿಳಿದ ಭಾಷಣಕಾರರು ಅಲ್ಲೇ ಮುಗಿಸಿದರು, ಸಭೆ ಸಂತೋಷದಿಂದ ಊಟಕ್ಕೆದ್ದಿತು. ಪಾಪ, ಅವರು ಕೇಳಿಸಿಕೊಳ್ಳುತ್ತಿದ್ದುದು ತಮ್ಮ ಫಿಸ್ಟುಲಾವನ್ನು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಮಣಿಕಟ್ಟಿನಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿದ ಆ ಜಾಗ ಗುಂಯ್‌ಗುಡುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಹೊಸ ರೋಗಿಗಳಿಗೆಲ್ಲ ಅವರೇ ಸಲಹೆಗಾರರು: "ಮೊದಲು ಮಣಿಕಟ್ಟಲ್ಲೇ ಮಾಡಿ ಅಂತ ಡಾಕ್ಟರನ್ನ ಕೇಳಿ ಕಣ್ರೀ. ಆಗಲಿಲ್ಲಾಂದ್ರೆ ಮೊಣಕೈ. ಅದೂ ಇಲ್ಲಾಂದ್ರೆ ಪ್ಲಾಸ್ಟಿಕ್ ನಾಳ. ಕತ್ತಿಗೆ ಪೈಪು ಕೊನೇಗೆ." ಆ ಕೈಯಲ್ಲಿ ಚೀಲ ಹಿಡಿಯರು, ಆ ಮಗ್ಗುಲಿಗೆ ಮಲಗರು; ಸಿಟಿ ಬಸ್ಸಿನಲ್ಲಿ ಅದನ್ನು ಹೊಸ ಅಳಿಯನಂತೆ ಪರಿಚಯಿಸಿ ಜಾಗ ಕೇಳುತ್ತಾರೆ. ಉಳಿದ ನಾಳಗಳೆಲ್ಲ ಬಡಕಲು, ಇದು ಹೋದರೆ ಕತ್ತಿನ ಪೈಪೇ ಗತಿ ಎಂದು ಡಾಕ್ಟರು ಹೇಳಿದ್ದಾರೆ. ದಿನಾ ಬೆಳಗ್ಗೆ ಹೆಂಡತಿ ಗಿರಿಜಾಂಬಾ ಆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೋಡಿ, ಆಮೇಲೆ ಹಾಲು ಕಾಯಿಸಲು ಹೋಗುತ್ತಾರೆ. ಆಗಲೇ ಎಚ್ಚರವಾಗಿರುವ ಷಡಕ್ಷರಿಯವರು, ಆಕೆ ಬೆರಳು ತೆಗೆಯುವವರೆಗೂ ಕಣ್ಣು ಬಿಡುವುದಿಲ್ಲ. "ಇದು ನಿಂತ್ಬುಟ್ರೆ ಏನ್ಮಾಡ್ತೀರಿ ಸಾರ್?" ಎಂದು ಒಮ್ಮೆ ಕೇಳಿಯೇಬಿಟ್ಟೆ. "ಈ ಕೈಗೆ ಏನೂ ಕಟ್ಟೋ ಹಾಗಿಲ್ಲ ಅಂತ ನಾಲ್ಕು ವರ್ಷದಿಂದ ವಾಚು ಪೆಟ್ಟಿಗೇಲಿ ಬಿದ್ದಿದೆ ಕಣ್ರೀ," ಎಂದರು, "ತೆಗೆದು ಕಟ್ಕೋತೀನಿ."